ಹೊಲಿಗೆ ಬೀಳದ ಆಪರೇಷನ್ನು

ಮಾನ್ವಿಯ ಒಂದು ಓಣಿಯಲ್ಲಿ ಅಂಗನವಾಡಿ ಟೀಚರ್ ಮಾನಮ್ಮನ ತಾಳ್ಮೆಗೆ ದೊಡ್ಡ ಹೆಸರಿತ್ತು. ಬಾಯಿ ಬಿಗಿಹಿಡಿದ ಕೂಸಿಗೆ ಪೋಲಿಯೋ ಹನಿ ಹಾಕುವುದಿರಲಿ, ಸೂಜಿ ಕಂಡು ಕಟ್ಟೆ ಹಾರಿ ಓಡಿದ ಹುಡುಗಿಯನ್ನು ಪುಸಲಾಯಿಸಿ ಕರೆತರುವುದಿರಲಿ, ಆಕೆ ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. "ಈಕಿಗೆ ಸಿಟ್ಟ ಬರಂಗಿಲ್ಲೇನವಾ" ಎಂದು ತಾಯಂದಿರು ಬೆರಗಾಗುತ್ತಿದ್ದರು. ಬರುತ್ತಿತ್ತು. ಹಗಲೆಲ್ಲ ನುಂಗಿಕೊಂಡಿದ್ದು ಮನೆಗೆ ಬಂದ ಮೇಲೆ ಸುಂಕಪ್ಪ ಮಾಸ್ತರರ ಮೇಲೆ ಖರ್ಚಾಗುತ್ತಿತ್ತು.

ಸುಂಕಪ್ಪ ಮಾಸ್ತರರು ಆಕೆಯ ಗಂಡ. ದೇವದುರ್ಗದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿದ್ದು ರಿಟೈರ್ ಆದವರು. ಗಬ್ಬೂರಿನ ಕೂಲಿಯವರ ಮನೆತನ. ಅದರಲ್ಲಿ ಓದಿ ನೌಕರಿ ಹಿಡಿದವರು ಅವರೇ ಮೊದಲು. ಪ್ರಾಯದಲ್ಲಿಯೇ ಬುದ್ಧನ ಧಮ್ಮಕ್ಕೆ ಬಂದು ಪಂಚಶೀಲ ತೆಗೆದುಕೊಂಡ ಮೇಲೆ ಕಳ್ಳು ಸಾರಾಯಿ ಹೋಗಲಿ, ಎಲೆಯಡಿಕೆಯನ್ನು ಸಹ ಬಾಯಿಗೆ ಹಾಕಿದವರಲ್ಲ. ಹುಟ್ಟೂರಿನ ಸಾರಾಯಿ ಅಂಗಡಿಯ ಮುಂದೆ ಹೆಂಗಸರನ್ನು ಸಾಲಾಗಿ ಕೂಡಿಸಿ, ಕೊರಳಲ್ಲಿದ್ದ ಸೀಟಿ ಊದಿ ಧರಣಿ ನಡೆಸಿದ್ದರು. ಕುಡಿದು ಬಂದವನು ನೆಂಟನಾದರೂ ಸರಿಯೇ, ಅವರ ಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ.

ಅಂಥವರಿಗೆ ಬಲಗಡೆ ಪಕ್ಕೆಯ ಕೆಳಗೆ ಭಾರವಾಗಲು ಶುರುವಾಯಿತು. ರೊಟ್ಟಿ ಮುಂದಿಟ್ಟರೆ ಒಂದು ತುಂಡು ಮುರಿದು ತಾಟು ಸರಿಸುತ್ತಿದ್ದರು. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಮಾನಮ್ಮ ಬೆನ್ನುಹತ್ತಿ ಮಾನ್ವಿಯಲ್ಲೇ ಒಬ್ಬ ಡಾಕ್ಟರರ ಹತ್ತಿರ ಕರೆದೊಯ್ದಳು. ಸ್ಕ್ಯಾನಿಂಗ್ ಆಯಿತು. ಡಾಕ್ಟರರು ಫಿಲ್ಮನ್ನು ಬೆಳಕಿಗೆ ಹಿಡಿದು, "ಮಾಸ್ತರ್ರ, ಎಷ್ಟು ವರ್ಷದಿಂದ ಕುಡೀತೀರಿ?" ಎಂದು ಕೇಳಿದರು.

ಮಾಸ್ತರರು ಎದ್ದರು. ಚಪ್ಪಲಿ ಮೆಟ್ಟಿದರು. ಡಾಕ್ಟರರು ಇನ್ನೂ ಮಾತಾಡುತ್ತಿರುವಾಗಲೇ ಹೊರಗೆ ನಡೆದುಬಿಟ್ಟರು. ಲಿವರಿನಲ್ಲಿ ಗಡ್ಡೆಯಿದೆ, ರಾಯಚೂರಿಗೆ ತಡ ಮಾಡದೆ ಹೋಗಬೇಕು ಎಂಬ ಮಾತನ್ನು ಕೇಳಿಸಿಕೊಂಡವಳು ಮಾನಮ್ಮ ಒಬ್ಬಳೇ.

"ನನಗ ಕುಡುಕ ಅಂದ ಅಂವ. ನನಗ!" ದಾರಿಯುದ್ದಕ್ಕೂ ಮಾಸ್ತರರದು ಅದೊಂದೇ ಮಾತು.

"ಅಂದಿಲ್ರೀ, ಕೇಳ್ಯಾರ. ಇಲ್ಲ ಅಂದಿದ್ರ ಮುಗೀತಿತ್ತು. ಅವ್ರ ಬಾಯಾಗಿನ ಮಾತಿಗೆ ನಿಮ್ಮ ಹೊಟ್ಟಿಗ್ಯಾಕ ಶಿಕ್ಷಾ?"

"ನಾ ಇನ್ನ ಯಾ ದವಾಖಾನಿಗೂ ಬರಂಗಿಲ್ಲ. ಬಂದ್ರ ಎಲ್ಲಾರೂ ಇದನ್ನ ಕೇಳತಾರ."

ಹಟವೆಂದರೆ ಹಟ. ಗಡ್ಡೆ ಒಳಗೆ ಬೆಳೆಯುತ್ತಿದ್ದರೂ ಮಾಸ್ತರರು ಮಾನ ಉಳಿಸಿಕೊಂಡು ಕೂತರು. ಮಾನಮ್ಮ ಬೇಡಿದಳು, ಬಯ್ದಳು, ಒಂದು ಹೊತ್ತು ಉಣ್ಣದೆಯೂ ನೋಡಿದಳು. "ನೀ ಉಣ್ಣದಿದ್ರ ನನ್ನ ಲಿವರು ಚಂದ ಆಗತದೇನು?" ಎಂದು ಕೇಳಿ ಮಾಸ್ತರರು ಪೇಪರು ಬಿಡಿಸಿದರು. ಕಡೆಗೆ ರಾಯಚೂರಿನಲ್ಲಿ ವಿಜ್ಞಾನದ ಟೀಚರಾಗಿದ್ದ ಮಗಳು ವಿಶಾಖಾ ಕಾರು ಮಾಡಿಕೊಂಡು ಬಂದಳು. "ಅಪ್ಪಾ, ನಡಿ" ಎಂದಳು. ಹೆಂಡತಿಯ ಅಷ್ಟು ದಿನದ ಗೋಳಿಗೆ ಜಗ್ಗದ ಮನುಷ್ಯ ಆ ಎರಡು ಮಾತಿಗೆ ಅಂಗಿ ಹಾಕಿಕೊಂಡರು. ಮಾನಮ್ಮನ ಪಿತ್ತ ನೆತ್ತಿಗೇರಿತು. ಆದರೂ ಬಾಯಿ ಮುಚ್ಚಿ ಕಾರು ಹತ್ತಿದಳು.

ರಾಯಚೂರಿನ ಆಸ್ಪತ್ರೆಯಲ್ಲಿ ರಕ್ತ ತೆಗೆದರು, ದೊಡ್ಡ ಸ್ಕ್ಯಾನಿಂಗ್ ಮಾಡಿದರು. ಹದಿನೈದು ದಿನಕ್ಕೊಮ್ಮೆ ಹೈದರಾಬಾದಿನಿಂದ ಬರುವ ಡಾಕ್ಟರ್ ಸೂಫಿಯಾ ಎಂಬ ಹೆಣ್ಣುಮಗಳು ಮೂವರನ್ನೂ ಎದುರಿಗೆ ಕೂಡಿಸಿಕೊಂಡಳು. ವಯಸ್ಸು ಸಣ್ಣದು, ಮಾತು ನಿಧಾನ.

"ಸರ್, ಇದು ಲಿವರಿನ ಕ್ಯಾನ್ಸರ್. ನಿಮ್ಮ ರಕ್ತದಾಗ ಹೆಪಟೈಟಿಸ್ ಬಿ ಅನ್ನೋ ಕಾಮಣಿ ವೈರಸ್ ಅದ. ಎಷ್ಟೋ ವರ್ಷದಿಂದ ಸುಮ್ನ ಒಳಗ ಕುಂತು ಲಿವರ್ ಹಾಳ ಮಾಡ್ಯಾದ. ಇದು ಕುಡಿತದಿಂದ ಬಂದದ್ದಲ್ಲ."

ಮಾಸ್ತರರ ಮುಖ ಅರಳಿತು. ಕುರ್ಚಿಯಲ್ಲಿ ನೆಟ್ಟಗಾದರು. "ಕೇಳಿದ್ಯಾ ಮಾನಮ್ಮ? ಕುಡಿತದಿಂದ ಅಲ್ಲಂತ!"

"ಅದಕ್ಕೂ ಮೊದಲ ಏನಂದ್ರು, ಅದು ಕೇಳಿಸ್ತೇನ್ರಿ ನಿಮಗ?" ಎಂದಳು ಮಾನಮ್ಮ. ಇಂಥ ಸುದ್ದಿಗೆ ಅಳುವುದೋ, ಈ ಮನುಷ್ಯನ ತಲೆಗೆ ಒಂದು ಮೊಟಕುವುದೋ ಆಕೆಗೆ ತಿಳಿಯಲಿಲ್ಲ.

ಡಾಕ್ಟರು ಬಿಡಿಸಿ ಹೇಳಿದಳು. "ಕೊಯ್ದು ತೆಗಿಯೂಹಂಗಿಲ್ಲ. ಉಳಿದ ಲಿವರು ಸೋತದ, ತಡ್ಕೊಳ್ಳೋ ತಾಕತ್ ಇಲ್ಲ. ಆದ್ರ ಲಿವರಿಗೆ ಎರಡು ಕಡಿಯಿಂದ ರಕ್ತ ಬರ್ತದ. ಚಲೋ ಲಿವರು ಹೆಚ್ಚಾಗಿ ಒಂದು ನಾಳದ ಮ್ಯಾಲ ಬದಕ್ತದ, ಈ ಗಡ್ಡಿ ಇನ್ನೊಂದರ ಮ್ಯಾಲ. ತೊಡಿ ಸಂದಿನಾಗ ಸಣ್ಣ ತೂತು ಮಾಡಿ, ಶ್ಯಾವಿಗಿಯಂಥ ನಳಿಗಿ ಒಳಗ ಬಿಟ್ಟು, ಪರದೆ ಮ್ಯಾಲ ನೋಡ್ಕೋತ ಗಡ್ಡಿಗೆ ಹೋಗೋ ನಾಳದ ತನಕ ಹೋಗ್ತೀವಿ. ಕ್ಯಾನ್ಸರಿನ ಔಷಧ ಅಲ್ಲೇ ಬಿಟ್ಟು ಆ ನಾಳದ ಬಾಯಿ ಬಂದ್ ಮಾಡ್ತೀವಿ. ಔಷಧ ಗಡ್ಡಿಯೊಳಗ ಉಳೀತದ, ಗಡ್ಡಿಗೆ ರಕ್ತ ಸಿಗಂಗಿಲ್ಲ."

"ಪೂರಾ ಆರಾಮ ಆಗತದೇನ್ರಿ?" ಮಾನಮ್ಮ ಕೇಳಿದಳು.

"ಹಂಗ ಮಾತು ಕೊಡಾಕ ಬರಂಗಿಲ್ಲಮ್ಮ. ಗಡ್ಡಿ ಸಾಯತದ, ಇಲ್ಲಾ ತಡೀತದ. ಕೆಲವ್ರಿಗೆ ಭಾಳ ದಿನ ತಡೀತದ. ಮತ್ತ ಮಾಡಬೇಕಾಗ್ಬಹುದು." ಆಮೇಲೆ ಇನ್ನೊಂದು ಮಾತು ಸೇರಿಸಿದಳು: "ಮನಿಯವ್ರೆಲ್ಲಾರೂ ರಕ್ತ ಪರೀಕ್ಷಾ ಮಾಡಿಸ್ರಿ. ಇಲ್ಲದವ್ರು ಲಸಿಕಿ ಹಾಕಿಸ್ಕೊಳ್ರಿ. ಇವ್ರ ಅಣ್ಣ ತಮ್ಮಂದಿರಿಗೂ ಹೇಳ್ರಿ."

ಆಸ್ಪತ್ರೆಯಿಂದ ಹೊರಬಿದ್ದ ಮಾಸ್ತರರು ಮಾಡಿದ ಮೊದಲ ಕೆಲಸವೆಂದರೆ ಊರಿಗೆಲ್ಲ ಡಂಗುರ ಹೊಡೆದದ್ದು. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಹಳೆಯ ಮಾಸ್ತರರ ಗುಂಪಿನಲ್ಲಿ, "ನನಗ ಲಿವರ್ ಕ್ಯಾನ್ಸರ್ ಅದ. ಆದ್ರ ಕುಡಿತದ್ದಲ್ಲ, ವೈರಸ್ಸಿಂದು" ಎಂದು ಹೇಳಿಕೊಂಡು ತಿರುಗಿದರು. ವೈರಸ್ಸು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೊರೋನಾ ಕಂಡಿದ್ದ ಮಂದಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮಾಸ್ತರರಿಗೆ ಅದು ಕಾಣಲಿಲ್ಲ. ಮಾನಮ್ಮನಿಗೆ ಕಂಡಿತು. "ಬಾಯಿ ಸ್ವಲ್ಪ ಹಿಡೀರಿ" ಎಂದು ಆಕೆ ಹೇಳಿದರೆ, "ಸತ್ಯ ಹೇಳಾಕ ನನಗೇನಂಜಿಕಿ?" ಎಂದು ತಿರುಗಿ ಬೀಳುತ್ತಿದ್ದರು.

ಚಿಕಿತ್ಸೆಗೆ ಒಂದು ಶನಿವಾರ ಗೊತ್ತಾಯಿತು. ಹಿಂದಿನ ದಿನ ಮಾಸ್ತರರಿಗೆ ಅಣ್ಣನ ಮುಖ ನೋಡಬೇಕೆನಿಸಿತು. "ಇವತ್ತ ಗಬ್ಬೂರಿಗೆ ಹೋಗಿ ಬೆಳಿಗ್ಗೆ ಅಲ್ಲಿಂದನ ರಾಯಚೂರಿಗೆ ಬರ್ತೀನಿ" ಎಂದರು. ಮಾನಮ್ಮ ಬೇಡವೆಂದಳು. ಕೇಳಿದರೆ ತಾನೆ? "ಬೆಳಿಗ್ಗೆ ಹೊಟ್ಟಿಗೆ ಏನೂ ತಗೋಬಾರ್ದಂತ ಹೇಳ್ಯಾರ, ನೆನಪಿಡ್ರಿ" ಎಂದು ನಾಲ್ಕು ಸಲ ಹೇಳಿ ಕಳಿಸಿದಳು.

ಮರುದಿನ ಮಾಸ್ತರರು ಅಣ್ಣ ಯಂಕಣ್ಣನೊಡನೆ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದರು. ಬಾಯಿಯ ಸುತ್ತ ಎಣ್ಣೆಯ ಹೊಳಪಿತ್ತು. ಮಾನಮ್ಮ ಅಡ್ಡ ಬಂದು ನಿಂತಳು.

"ಏನ ತಿಂದ್ರಿ?"

ಮಾಸ್ತರರು ಅಣ್ಣನ ಕಡೆ ನೋಡಿದರು. ಯಂಕಣ್ಣ ಗಂಭೀರವಾಗಿ ಹೇಳಿದ: "ಏನಿಲ್ಲಬೇ ಮಾನಮ್ಮ, ಕಲ್ಮಲಾದಾಗ ಬಸ್ ಬದಲಿ ಮಾಡೂಮುಂದ ಒಂದೊಂದ ಪ್ಲೇಟ್ ಮಂಡಕ್ಕಿ ಒಗ್ಗರಣಿ, ಮಿರ್ಚಿ. ಆಪರೇಷನ್ನಿಗೆ ಹೋಗೋ ಮನಷ್ಯಾನ್ನ ಖಾಲಿ ಹೊಟ್ಟಿಲೆ ಹೆಂಗ ಕಳಸೂದು? ತಾಕತ್ ಬೇಕಲ್ಲ?"

"ಒಂದ್ ತುತ್ತು ರೊಟ್ಟಿ ಹೋಗ್ತಿದ್ದಿಲ್ಲಲ್ರೀ ನಿಮಗ! ಇವತ್ತ ಮಿರ್ಚಿ ಹೆಂಗ ಹೋತು?"

"ಅಣ್ಣ ಭಾಳ ಪ್ರೀತಿಲೆ ಕೊಡಿಸಿದ," ಎಂದರು ಮಾಸ್ತರರು, ತಪ್ಪು ಮಾಡಿದ ಹುಡುಗರ ಹಾಗೆ ನೆಲ ನೋಡುತ್ತ.

ಅಂದಿನ ಚಿಕಿತ್ಸೆ ರದ್ದಾಯಿತು. ಡಾಕ್ಟರು ಬಯ್ಯಲಿಲ್ಲ, ಮುಂದಿನ ಸಲಕ್ಕೆ ಹೆಸರು ಬರೆಸಿ ಎಂದಳು. ಮಾನಮ್ಮ ಆಸ್ಪತ್ರೆಯ ಹೊರಗೆ ಬೇವಿನ ಗಿಡದ ಕೆಳಗೆ ಹೋಗಿ ನಿಂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಸಾಲದ್ದಕ್ಕೆ ಯಂಕಣ್ಣ ಹಿಂದಿನಿಂದ ಬಂದು ಸಮಾಧಾನ ಬೇರೆ ಹೇಳಿದ: "ಅಳಬ್ಯಾಡಬೇ, ಒಳ್ಳೇದಕ್ಕ ಆಗೇದ. ಇವತ್ತ ಅಮಾಸಿ ಹತ್ರ ಅದ." ಆ ಮಾತಿಗೆ ಆಕೆಯ ಅಳುವೇ ನಿಂತುಹೋಯಿತು. ಹಿರಿಯ ಭಾವ ಎಂಬ ಒಂದೇ ಕಾರಣಕ್ಕೆ ಅವನು ಅಂದು ಪಾರಾದ.

ಎರಡು ವಾರದ ಮಟ್ಟಿಗೆ ಮಾನಮ್ಮ ಗಂಡನನ್ನು ಕಣ್ಣಳತೆಯಿಂದ ಆಚೆ ಬಿಡಲಿಲ್ಲ. ಈ ಸಲ ಎಲ್ಲ ಸುಸೂತ್ರವಾಗಿ ನಡೆಯಿತು. ತೊಡೆಯ ಸಂದಿಗಷ್ಟೇ ಜೋಮು ಹಿಡಿಸಿದ್ದರಿಂದ ಮಾಸ್ತರರು ಎಚ್ಚರವಾಗಿಯೇ ಇದ್ದರು. ಪರದೆಯ ಮೇಲೆ ತಮ್ಮ ರಕ್ತನಾಳಗಳು ಗಿಡದ ಬೇರಿನ ಹಾಗೆ ಹರಡಿಕೊಂಡಿದ್ದನ್ನು ತಾವೇ ನೋಡಿದರಂತೆ. ಔಷಧ ಬಿದ್ದಾಗ ಪಕ್ಕೆಯಲ್ಲಿ ಬಿಸಿ ಹತ್ತಿದ ಹಾಗಾಯಿತಂತೆ. ಹೊರಗೆ ತಂದು ಮಲಗಿಸಿದ ಮೇಲೆ ನರ್ಸು, "ಸಂಜಿ ತನಕ ಈ ಕಾಲು ಮಡಚಬಾರ್ದು, ಅಳ್ಳಾಡಬಾರ್ದು" ಎಂದು ಹೇಳಿಹೋದಳು.

ಬಿಸಿಲಲ್ಲಿ ನೂರಾರು ಹುಡುಗರನ್ನು ಗೊಂಬೆಯಂತೆ ನಿಲ್ಲಿಸುತ್ತಿದ್ದ ಮನುಷ್ಯನಿಗೆ ಅರ್ಧ ತಾಸು ಸುಮ್ಮನೆ ಮಲಗಲಾಗಲಿಲ್ಲ. ಬೆನ್ನು ನೋಯುತ್ತದೆ ಎಂದರು. ಫ್ಯಾನು ಜೋರಾಯಿತು ಎಂದರು. ಉಚ್ಚೆಗೆ ಎದ್ದೇ ಹೋಗುತ್ತೇನೆ ಎಂದು ಮೊಣಕಾಲು ಎತ್ತಿದರು. ಮಾನಮ್ಮ ಎರಡೂ ಕೈಯಿಂದ ಆ ಮೊಣಕಾಲನ್ನು ಒತ್ತಿ ಹಿಡಿದಳು. ಕಡೆಗೆ ವಿಶಾಖಾ ಮಂಚದ ಕಾಲ್ದೆಸೆಗೆ ನಿಂತು, "ಅಪ್ಪಾ, ಸಾವಧಾನ್!" ಎಂದಳು. ಪಕ್ಕದ ಮಂಚದವರು ನಕ್ಕರು. ಮಾಸ್ತರರು ಕಣ್ಣು ಮುಚ್ಚಿ ಕಾಲು ನೆಟ್ಟಗೆ ಮಾಡಿದರು.

ಮಾನ್ವಿಗೆ ಬಂದ ಮೇಲೆ ಜ್ವರ ಬಂತು, ಓಕರಿಕೆ ಬಂತು, ಪಕ್ಕೆ ನೋಯಿತು. ಗಡ್ಡೆ ಒಳಗೆ ಸಾಯುವಾಗ ಹೀಗಾಗುತ್ತದೆ, ಗುಳಿಗೆ ಕೊಡಿ, ಹೆಚ್ಚಾದರೆ ಫೋನ್ ಮಾಡಿ ಎಂದು ಡಾಕ್ಟರು ಮೊದಲೇ ಹೇಳಿದ್ದಳು. ನೋಡಲು ಬಂದ ಯಂಕಣ್ಣ ಮಾತ್ರ ತಮ್ಮನ ಅಂಗಿ ಎತ್ತಿ ಹೊಟ್ಟೆಯನ್ನು ಅತ್ತಿತ್ತ ಪರೀಕ್ಷಿಸಿದ.

"ಹೊಲಿಗಿ ಎಲ್ಲಿ?"

"ಹೊಲಿಗಿ ಇಲ್ಲಣ್ಣ. ಇಲ್ಲಿ ಸಂದಿನಾಗ ಒಂದ್ ಸಣ್ಣ ತೂತು ಅಷ್ಟ."

"ಹೊಲಿಗಿ ಇಲ್ಲದ ಎಂಥ ಆಪರೇಷನ್ಲೇ? ಸೂಜಿ ಚುಚ್ಚಿ ಮಲಗಿಸಿ ಕಳಿಸ್ಯಾರ ಬಿಡು. ಗಡ್ಡಿ ಅಲ್ಲೇ ಅದ."

ಮಾಸ್ತರರು ಹೆಂಡತಿಯ ಕಡೆ ತಿರುಗಿದರು. "ನೋಡು ಮಾನಮ್ಮ, ಅಣ್ಣ ಅನ್ನೂದ್ರಾಗೂ ವಿಚಾರ ಅದ."

"ಏನ್ ವಿಚಾರ್ರೀ? ಪರದೆ ಮ್ಯಾಲ ನೀವ ನೋಡೀರಿ! ನಿಮ್ಮ ಕಣ್ಣಿಗಿಂತ ಭಾವಗಳ ಬಾಯಿ ದೊಡ್ಡದಾತೇನು?" ಎಂದು ಮಾನಮ್ಮ ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು. ರಕ್ತ ಪರೀಕ್ಷೆಯ ಮಾತನ್ನೂ ಆಗಲೇ ಎತ್ತಿದಳು. ತಾನು, ಮಗಳು ಮಾಡಿಸಿಕೊಂಡಿದ್ದೇವೆ, ಇಬ್ಬರಿಗೂ ಇಲ್ಲ, ಲಸಿಕೆಯೂ ಶುರುವಾಗಿದೆ, ನೀವೂ ಮಾಡಿಸಿಕೊಳ್ಳಿ ಎಂದಳು. ಯಂಕಣ್ಣ ಎದೆ ಬಡಿದುಕೊಂಡು, "ನನಗೇನಾಗೇದ? ಕಲ್ಲು ತಿಂದು ಕಲ್ಲು ಕರಗಸ್ತೀನಿ" ಎಂದು ಎದ್ದುಹೋದ.

ಮಾಸ್ತರರು ಚೇತರಿಸಿಕೊಂಡು ಓಡಾಡುವ ಹೊತ್ತಿಗೆ ಯಂಕಣ್ಣನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ಗಬ್ಬೂರಿನ ಆ ಮನೆಯ ತುಂಬ ನೆಂಟರು. ಮಾಸ್ತರರು ಅಂಗಳದ ಚಾಪೆಯ ಮೇಲೆ ಗಂಡಸರ ನಡುವೆ ಕೂತಿದ್ದರು, ಮಾನಮ್ಮ ಬಾಗಿಲ ಹತ್ತಿರ ಇದ್ದಳು. ಯಂಕಣ್ಣನ ಹೆಂಡತಿ ಹುಲಗೆಮ್ಮ ಪರಾತದಲ್ಲಿ ಚಹಾ ತಂದಳು. ಎಲ್ಲರಿಗೂ ಸ್ಟೀಲಿನ ಗ್ಲಾಸು. ಮಾಸ್ತರರ ಮುಂದೆ ಬಂದಾಗ ಪರಾತದ ಮೂಲೆಯಿಂದ ಒಂದು ಕಾಗದದ ಕಪ್ಪು ಎತ್ತಿ ಕೊಟ್ಟಳು.

ಒಂದು ಮಾತಿಗೆ ಡಾಕ್ಟರರ ಕೋಣೆಯಿಂದಲೇ ಎದ್ದು ಹೋಗಿದ್ದ ಮನುಷ್ಯ ಏನೂ ಅನ್ನಲಿಲ್ಲ. ಕಪ್ಪು ಈಸಿಕೊಂಡರು, ಒಂದು ಗುಟುಕು ಕುಡಿದರು, ಕಾಲಿನ ಹತ್ತಿರ ಕೆಳಗಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು.

ಮಾನಮ್ಮನಿಗೆ ತಡೆಯಲಾಗದ್ದು ಆ ಸುಮ್ಮನಿರುವಿಕೆ. ಮದುವೆಯಾದ ಹೊಸತರಲ್ಲಿ ಅವರು ಒಂದೇ ಒಂದು ಸಲ ಹೇಳಿದ್ದರು: ಚಿಕ್ಕವರಿದ್ದಾಗ ಇದೇ ಊರಿನ ಹೋಟೆಲಿನಲ್ಲಿ ತಮ್ಮ ಮಂದಿಗೆ ಹೊರಗಿನ ಗೋಡೆಯ ಗೂಡಿನಲ್ಲಿ ಬೇರೆ ಗ್ಲಾಸು ಇಡುತ್ತಿದ್ದರು, ಅಪ್ಪ ಅದರಲ್ಲಿ ಕುಡಿದು, ತೊಳೆದು, ಮತ್ತೆ ಅಲ್ಲೇ ಇಟ್ಟು ಬರುತ್ತಿದ್ದ ಎಂದು. ಆಮೇಲೆ ಆ ಮಾತು ಮತ್ತೆ ಎತ್ತಿರಲಿಲ್ಲ. ನೌಕರಿ ಬಂದ ಮೇಲೂ ಗಬ್ಬೂರಿನ ಹೋಟೆಲುಗಳಲ್ಲಿ ಅವರು ಚಹಾ ಕುಡಿದವರಲ್ಲ.

ಆಕೆ ಗಂಡಸರ ನಡುವೆ ನಡೆದು ಹೋದಳು. ಬಗ್ಗಿ ಆ ಕಾಗದದ ಕಪ್ಪು ಎತ್ತಿಕೊಂಡು, ಉಳಿದ ಚಹಾ ಅಷ್ಟನ್ನೂ ನಿಂತಲ್ಲೇ ಕುಡಿದಳು.

"ಅಕ್ಕಾ," ಎಂದಳು. ದನಿ ಓಣಿಗೆಲ್ಲ ಕೇಳಿಸಿತು. "ಈ ರೋಗ ಚಹಾದಿಂದ ಹತ್ತಂಗಿಲ್ಲ. ಕೂಡಿ ಉಂಡ್ರ ಹತ್ತಂಗಿಲ್ಲ, ಬಾಜೂಕ ಕುಂತ್ರ ಹತ್ತಂಗಿಲ್ಲ. ರಕ್ತದಿಂದ ಹತ್ತತದ, ಹೆತ್ತಾಕಿಯಿಂದ ಕೂಸಿಗೆ ಹತ್ತತದ, ಗಂಡಿಂದ ಹೆಂಡ್ತಿಗೆ ಹತ್ತತದ. ಇದ ಊರಾಗ ಇವ್ರಿಗೆ ಬ್ಯಾರೆ ಗ್ಲಾಸ್ ಇಟ್ಟವ್ರು ಇದ್ರು, ನಿಮಗ ಗೊತ್ತದ. ಅವ್ರು ಬ್ಯಾರೆ ಮಂದಿ. ನೀವ್ ಯಾರು?"

ಹುಲಗೆಮ್ಮ ಪರಾತ ಕೆಳಗಿಟ್ಟಳು. "ನನಗ ಅಷ್ಟ್ಯಾಕ ಗೊತ್ತಾಗ್ಬೇಕವಾ," ಎಂದು ಅತ್ತುಬಿಟ್ಟಳು. "ಮನ್ಯಾಗ ಹಸಗೂಸು ಅದ. ಅಂಜಿಕಿ ಬಂತು."

"ಹಸಗೂಸಿಗೆ ಹುಟ್ಟಿದ ದಿನಾನ ಈ ರೋಗದ ಲಸಿಕಿ ಬಿದ್ದಾದ. ನಿಮ್ಮ ಮನ್ಯಾಗ ಅದರ ಚಿಂತಿ ಇಲ್ಲದಾಕಿ ಈ ಕೂಸೊಂದ. ನಮ್ಮ ನಿಮ್ಮಂಥ ಮುದುಕರಿಗೆ ಹಾಕಿಲ್ಲ," ಎಂದಳು ಮಾನಮ್ಮ. ಯಂಕಣ್ಣನ ಕಡೆ ತಿರುಗಿದಳು. "ಭಾವ, ಶನಿವಾರ ಡಾಕ್ಟರ್ ಬರ್ತಾರ, ನೀವಿಬ್ರೂ ರಾಯಚೂರಿಗೆ ಬರ್ರಿ. ಬರಲಿಲ್ಲಂದ್ರ ನಾನ ಬಂದು ಎಳ್ಕೊಂಡು ಹೋಗ್ತೀನಿ. ಇನ್ನ ಹಿರೇರು ಕಿರೇರು ನೋಡಂಗಿಲ್ಲ."

ಮಾಸ್ತರರು ಹೆಂಡತಿಯನ್ನು ಬೆರಗಿನಿಂದ ನೋಡುತ್ತಿದ್ದರು. ಹುಲಗೆಮ್ಮ ಒಳಗೆ ಹೋಗಿ ಸ್ಟೀಲಿನ ಗ್ಲಾಸಿನಲ್ಲಿ ಚಹಾ ತಂದಳು. ಆದರೆ ಅವರು "ಬ್ಯಾಡ ವೈನಿ, ಆತು" ಎಂದರು. ಆ ದಿನ ಉಂಡು ಬಂದರು, ಚಹಾ ಮಾತ್ರ ಮತ್ತೆ ಕುಡಿಯಲಿಲ್ಲ.

ಶನಿವಾರ ಗಂಡ ಹೆಂಡತಿ ಇಬ್ಬರೂ ಬಂದು ರಕ್ತ ಕೊಟ್ಟರು. ಹುಲಗೆಮ್ಮನಿಗೆ ರೋಗ ಇರಲಿಲ್ಲ. ಯಂಕಣ್ಣನಿಗೆ ಇತ್ತು. ಗಡ್ಡೆಗಿಡ್ಡೆ ಏನೂ ಕಾಣಲಿಲ್ಲ. ಆದರೆ ವೈರಸ್ಸು ತಮ್ಮನಲ್ಲಿದ್ದದ್ದೇ. ಕಲ್ಲು ಕರಗಿಸುವ ಯಂಕಣ್ಣ ಬೆಂಚಿನ ಮೇಲೆ ಮೆತ್ತಗಾಗಿ ಕೂತ. "ಅವ್ವಂದ ಇರಬೇಕಂತ ಡಾಕ್ಟರ್ ಅಂದ್ಲು," ಎಂದ ತಮ್ಮನಿಗೆ. ಅವರ ತಾಯಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಸತ್ತಾಗ ಇಬ್ಬರೂ ಸಣ್ಣವರು. ಯಾರೋ ಮಾಟ ಮಾಡಿದ್ದಾರೆಂದು ಊರು ಆಡಿಕೊಂಡಿತ್ತು. ಓಣಿಯ ಒಬ್ಬ ಮುದುಕಿಯ ಮೇಲೆ ಗುಮಾನಿ ಬಂದು, ಆಕೆ ಸಾಯುವವರೆಗೂ ಇವರ ಮನೆಯವರು ಮಾತಾಡಿಸಿರಲಿಲ್ಲ.

"ಆ ಮುದುಕಿ ನಮಗ ಬೆಲ್ಲ ಕೊಡಾಕ ಬರ್ತಿದ್ಲು," ಎಂದರು ಮಾಸ್ತರರು. "ನಾವು ಕಲ್ಲು ಒಗೀತಿದ್ವಿ."

ಮಾನಮ್ಮನಿಗೆ ಆ ಹೊತ್ತು ಇಬ್ಬರ ಮೇಲೂ ಸಿಟ್ಟು ಬರಲಿಲ್ಲ.

ಅದು ಹೆಚ್ಚು ದಿನ ಉಳಿಯಲಿಲ್ಲವೆನ್ನಿ. ಯಂಕಣ್ಣ ಹಬ್ಬಹುಣ್ಣಿಮೆಗೆ ಗುಟ್ಟಾಗಿ ಕುಡಿಯುತ್ತಿದ್ದವನು. ಕುಡಿದರೆ ಲಿವರು ಕೆಡುತ್ತದೆಂದು ಡಾಕ್ಟರು ಎಚ್ಚರಿಸಿದ್ದೇ ಸಾಕು, ಮಾಸ್ತರರು ಅಣ್ಣನ ಬೆನ್ನುಬಿದ್ದರು. ಹೊತ್ತು ಮುಳುಗುವ ಮುಂಚೆ ಫೋನು: "ಯಣ್ಣಾ, ಎಲ್ಲಿದ್ದೀ? ಬಾಯಿ ವಾಸನಿ ವೈನಿಗೆ ತೋರಿಸು." ಯಂಕಣ್ಣ ಮಾನಮ್ಮನಿಗೆ ಬೇರೆ ಫೋನು ಮಾಡಿ, "ನಿನ್ನ ಗಂಡನ್ನ ತಡಿಬೇ ತಾಯಿ, ಜೀವ ತಿನ್ನಾಕತ್ಯಾನ" ಎನ್ನುತ್ತಿದ್ದ. ಇಬ್ಬರ ದೂರೂ ಆಕೆಯ ಕಿವಿಗೆ.

ಮತ್ತೆ ಸ್ಕ್ಯಾನಿಂಗ್ ಆದಾಗ ಗಡ್ಡೆಯ ಬಹುಪಾಲು ಸತ್ತಿತ್ತು. ಒಂದು ಅಂಚಿನಲ್ಲಿ ಇನ್ನೂ ಜೀವವಿತ್ತು. ಎರಡನೆಯ ಸಲ ಮಾಡಬೇಕೆಂದಳು ಡಾಕ್ಟರ್ ಸೂಫಿಯಾ. ಮಾಸ್ತರರು ಮುಖ ಗಂಟು ಹಾಕಿದರು, ಒಂದು ವಾರ ರಂಪ ಮಾಡಿದರು, ಆಮೇಲೆ ಬಂದು ಮಾಡಿಸಿಕೊಂಡರು. ಈ ಸಲ ಜ್ವರ ಕಡಿಮೆ. ಮುಂದಿನ ಸ್ಕ್ಯಾನಿಂಗಿನಲ್ಲಿ ಜೀವದ ಕುರುಹು ಕಾಣಲಿಲ್ಲ. "ಗೆದ್ದೆ ಅನ್ನಬ್ಯಾಡ್ರಿ ಸರ್," ಎಂದಳು ಡಾಕ್ಟರು, "ಬ್ಯಾರೆ ಕಡಿ ಏಳಬಹುದು. ಗುಳಿಗಿ ದಿನಾ ತಗೋರಿ, ಮೂರ್ ಮೂರ್ ತಿಂಗಳಿಗೆ ತಪ್ಪದ ಬರ್ರಿ." ಮಾಸ್ತರರು ತಲೆಯಾಡಿಸಿದರು. ಹೊರಗೆ ಬಂದು ಮೊದಲು ಸಿಕ್ಕ ಆಟೋದವನಿಗೆ "ಗೆದ್ದೆ ನೋಡಪ್ಪ" ಎಂದು ಹೇಳಿದರು.

ಮಾನ್ವಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ತಮಗೇ ಬೇಕೆಂದು ಹಟ ಹಿಡಿದು ಕೂತರು. ಬಸ್ಸು ಕಲ್ಲೂರು ದಾಟಿತು. ಹೊರಗೆ ಭತ್ತದ ಗದ್ದೆಗಳ ಮೇಲೆ ಬೆಳ್ಳಕ್ಕಿ ಇಳಿಯುತ್ತಿದ್ದವು. ಮಾಸ್ತರರು ಕಿಟಕಿಯ ಹೊರಗೆ ಕೈ ಚಾಚಿಕೊಂಡು, ಅತ್ತಲೇ ನೋಡುತ್ತ ಕೇಳಿದರು:

"ಮಾನಮ್ಮ, ನನ್ನ ಕೂಡ ನಿನಗ ಬ್ಯಾಸರಾಗೇದೇನು?"

"ಆಗೇದ್ರಿ. ಭಾಳ ಆಗೇದ," ಎಂದಳು ಮಾನಮ್ಮ. "ಕೈ ಒಳಗ ತಗೋರಿ, ಎದುರಿಗೆ ಲಾರಿ ಬರಾಕತ್ತದ."